ಉಡಿಯಲ್ಲಿ ಬರುತ್ತಿದ್ದ ಹೊಲದ ಪಲ್ಯ: ಅದರಲ್ಲಿ ನಿಜಕ್ಕೂ ಎಷ್ಟು ಸತ್ವವಿತ್ತು?

ಎರೆಹೊಲ (ರೋಣ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ನಮ್ಮದು ಎಂಟು ಎಕರೆ ಎರೆಹೊಲ. ಮುಂಗಾರಿಗೆ ಹೆಸರು, ಗೋವಿನಜೋಳ, ಹಿಂಗಾರಿಗೆ ಕಡಲೆ, ಬಿಳಿಜೋಳ ಬೆಳೆಯುತ್ತೇವೆ. ನಾಲ್ಕು ವರ್ಷದ ಹಿಂದಿನವರೆಗೆ ನಮ್ಮವ್ವ ಆಳುಗಳ ಜೊತೆ ತಾನೂ ಸಾಲು ಹಿಡಿದು ಕಸ ತೆಗೆಯುತ್ತಿದ್ದಳು. ಸಂಜೆ ಮನೆಗೆ ಬರುವಾಗ ಅವಳ ಸೀರೆಯ ಉಡಿ ತುಂಬ ಗೋಳಿ, ಹರಿವೆ, ಹಕ್ಕರಕಿ ಎಂಬ ಕಸದ ಸೊಪ್ಪುಗಳು ಇರುತ್ತಿದ್ದವು. ಹಿಂಗಾರಿಯಲ್ಲಾದರೆ ಚಕ್ಕೋತ ಸೊಪ್ಪು, ಕಡಲೆಯ ಕುಡಿ. ಪಡಸಾಲೆಯಲ್ಲಿ ಮೊರದ ಮೇಲೆ ಸುರಿದುಕೊಂಡು, ಬೇರು ಚಿವುಟಿ, ಹಣ್ಣೆಲೆ ತೆಗೆದು, ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವುದು ಒಂದು ಕಡೆ, ಬೇಯಿಸುವುದು ಒಂದು ಕಡೆ ಎಂದು ಅವಳು ಗುಡ್ಡೆ ಮಾಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಳು ಸಿಗುವುದು ಕಷ್ಟವಾದ ಮೇಲೆ ಗೋವಿನಜೋಳಕ್ಕೆ ಕಳೆನಾಶಕ ಹೊಡೆಯಲು ತೊಡಗಿದೆವು. ಕಸ ಹೋಯಿತು, ಅದರ ಜೊತೆ ಪಲ್ಯವೂ ಹೋಯಿತು. ಹೋದ ತಿಂಗಳು ಅವ್ವನ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.6 ಬಂದಿದೆ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, ತಪ್ಪಲು ಪಲ್ಯ ಹೆಚ್ಚಿಗೆ ತಿನ್ನಲು ಹೇಳಿದ್ದಾರೆ. ಈಗ ನಾನು ಸಂತೆಯಿಂದ ಪಾಲಕ್ ತರುತ್ತಿದ್ದೇನೆ. ಅವ್ವ ಮಾತ್ರ, “ಹೊಲದಾಗಿನ ಪಲ್ಯಾ ತಿಂತಿದ್ದಾಗ ನನಗ ಹಿಂಗ ದಣಿವು ಇರಲಿಲ್ಲ” ಎನ್ನುತ್ತಾಳೆ.

ನನಗೆ ತಿಳಿಯಬೇಕಾದುದು ಎರಡು ವಿಷಯ. ಆ ಕಸದ ಪಲ್ಯದಲ್ಲಿ ಸಂತೆಯ ಸೊಪ್ಪಿಗಿಂತ ಹೆಚ್ಚಿನ ಸತ್ವ ಇತ್ತೇ, ಅಥವಾ ಇದು ಹಳೆಯದರ ಮೇಲಿನ ಪ್ರೀತಿಯೇ? ಇದ್ದರೆ, ಬರುವ ಮುಂಗಾರಿಗೆ ಹೊಲದ ಒಂದು ಪಟ್ಟಿಯನ್ನು ಔಷಧಿ ಹೊಡೆಯದೆ ಬಿಡುವುದು ಸರಿಯೇ?

ಗೃಹವಿಜ್ಞಾನ ಶಿಕ್ಷಕಿ (ಧಾರವಾಡ, ನಿವೃತ್ತ):

ನಿಮ್ಮ ತಾಯಿಯವರ ಮಾತಿನಲ್ಲಿ ಹುರುಳಿದೆ, ಆದರೆ ಅದನ್ನು ಬಿಡಿಸಿ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. 100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 80 ಮಿಲಿಗ್ರಾಂ ಕ್ಯಾಲ್ಸಿಯಂ, 3 ಮಿಲಿಗ್ರಾಂ ಕಬ್ಬಿಣ ಇದ್ದರೆ, ಅಷ್ಟೇ ತೂಕದ ಹಸಿರು ಹರಿವೆಯಲ್ಲಿ ಸುಮಾರು 330 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ ಇದೆ. ಚಕ್ಕೋತದಲ್ಲಿ ಕ್ಯಾಲ್ಸಿಯಂ 200 ಮಿಲಿಗ್ರಾಂ ದಾಟುತ್ತದೆ. ಕೋಸುಗಡ್ಡೆಯಲ್ಲಿ ಅದು 50ರ ಆಸುಪಾಸು. ನಾವು ದುಡ್ಡು ಕೊಟ್ಟು ತರುವ ತರಕಾರಿಗಿಂತ, ಕಿತ್ತು ಬದುವಿಗೆ ಎಸೆಯುವ ಗಿಡ ಮುಂದಿದೆ ಎಂಬುದು ಅಂಕಿಯಲ್ಲೇ ಕಾಣುತ್ತದೆ.

ಗೋಳಿಯ ಗುಣ ಬೇರೆ. ಕಬ್ಬಿಣ, ಕ್ಯಾಲ್ಸಿಯಂ ಲೆಕ್ಕದಲ್ಲಿ ಅದು ಹರಿವೆಯ ಸಮಕ್ಕೆ ಬರುವುದಿಲ್ಲ. ಆದರೆ 100 ಗ್ರಾಂ ಗೋಳಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂನಷ್ಟು ಆಲ್ಫಾ ಲಿನೋಲೆನಿಕ್ ಆಮ್ಲ, ಅಂದರೆ ಅಗಸೆಯಲ್ಲಿರುವ ಜಾತಿಯ ಒಮೆಗಾ-3 ಕೊಬ್ಬು ಇರುತ್ತದೆ. ಹಸಿರು ಸೊಪ್ಪುಗಳಲ್ಲಿ ಇಷ್ಟು ಪ್ರಮಾಣ ಅಪರೂಪ. ಮೀನಿನಲ್ಲಿರುವ ಒಮೆಗಾ-3 ಇದೇ ಅಲ್ಲ. ದೇಹ ಇದರ ಅಲ್ಪ ಭಾಗವನ್ನಷ್ಟೇ ಆ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಹಾಗಿದ್ದರೂ ಮೀನು ಮುಟ್ಟದ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಈಗ ನಿಮ್ಮ ಉಡಿಯ ಲೆಕ್ಕ. ಸೋಸಿದ ಮೇಲೆ ಅರ್ಧ ಕಿಲೋ ಪಲ್ಯ ಉಳಿದು, ಐದು ಜನ ಉಂಡರೆ ತಲೆಗೆ 100 ಗ್ರಾಂ. ಅದು ಹರಿವೆಯೇ ಆಗಿದ್ದರೆ 4.6 ಮಿಲಿಗ್ರಾಂ ಕಬ್ಬಿಣ. ವಯಸ್ಕ ಹೆಣ್ಣುಮಗಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು 2020ರ ಶಿಫಾರಸು ಹೇಳುತ್ತದೆ. ಆರರಲ್ಲಿ ಒಂದು ಪಾಲು ಒಂದೇ ಪಲ್ಯದಿಂದ ಬಂದಂತಾಯಿತು. ಕ್ಯಾಲ್ಸಿಯಂ ಬೇಕಾದುದರ ಮೂರರಲ್ಲಿ ಒಂದು ಪಾಲು. ಆದರೆ ಎಲೆಯಲ್ಲಿದ್ದುದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಸೊಪ್ಪಿನ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸಣ್ಣ ಅಂಶ ಮಾತ್ರ. ಹರಿವೆ, ಗೋಳಿ, ಪಾಲಕ್ ಈ ಮೂರರಲ್ಲೂ ಇರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ನಾವು ತಿನ್ನುವ ಜೋಳದ ರೊಟ್ಟಿಯಲ್ಲಿರುವ ಫೈಟೇಟ್ ಕೂಡ ಕಬ್ಬಿಣವನ್ನು ತಡೆಯುತ್ತದೆ. ಈ ತಡೆಯನ್ನು ಸಡಿಲಿಸುವುದು ಸಿ ಜೀವಸತ್ವ. ಅದಕ್ಕೇ ರೊಟ್ಟಿ, ಪಲ್ಯದ ಪಕ್ಕದಲ್ಲಿ ಹಸಿ ಹಕ್ಕರಕಿ, ಹಸಿ ಉಳ್ಳಾಗಡ್ಡಿ, ಲಿಂಬೆಹೋಳು ಇಡುವ ನಮ್ಮ ಕಡೆಯ ಪದ್ಧತಿಯ ಬಗ್ಗೆ ನನಗೆ ಬಹಳ ಗೌರವವಿದೆ.

ಒಂದು ಎಚ್ಚರಿಕೆ ಹೇಳಲೇಬೇಕು. 8.6 ಎಂಬುದು ಪಲ್ಯದಿಂದ ಮಾತ್ರ ಸರಿಹೋಗುವ ಕೊರತೆಯಲ್ಲ. ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ.

ಮಲೆನಾಡ ಸೆರಗು (ಹಾನಗಲ್ಲ ತಾಲ್ಲೂಕು):

ಶಿಕ್ಷಕಿ ಅಕ್ಕಾವರ ವಿವರಣೆ ಓದಿ ಸಂತೋಷವಾಯಿತು. ನಾನು ಗುರುತು ಹಿಡಿಯುವ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಈಗಿನ ಹುಡುಗರು ಮೊಬೈಲಿನಲ್ಲಿ ಫೋಟೋ ನೋಡಿ ಗಿಡ ಕೀಳಲು ಹೊರಟಿದ್ದಾರೆ. ಗೋಳಿಯಂತೆಯೇ ನೆಲಕ್ಕೆ ಅಂಟಿ, ಕೆಂಪು ದಂಟು ಹರಡಿಕೊಂಡು ಬೆಳೆಯುವ ಇನ್ನೊಂದು ಕಸ ಇದೆ. ದಂಟು ಮುರಿದು ನೋಡಿ: ಗೋಳಿಯಾದರೆ ನೀರಿನಂತಹ ತಿಳಿ ರಸ ಬರುತ್ತದೆ, ಎಲೆ ದಪ್ಪಗಿದ್ದು ಉಗುರಿನಿಂದ ಒತ್ತಿದರೆ ತೇವವಾಗುತ್ತದೆ. ಇನ್ನೊಂದರ ಎಲೆ ತೆಳ್ಳಗಿದ್ದು, ಮುರಿದ ಕಡೆ ಬಿಳಿ ಹಾಲು ಒಸರುತ್ತದೆ. ಅದು ಹೊಟ್ಟೆ ಕೆಡಿಸುತ್ತದೆ. ಹಾಲು ಬರುವ ಕಸವನ್ನು ತಿನ್ನಬಾರದು ಎಂದು ನಮ್ಮ ಮನೆಯಲ್ಲಿ ಹಿರಿಯರು ಕಟ್ಟುನಿಟ್ಟಾಗಿ ಹೇಳುತ್ತಿದ್ದರು.

ಎರೆಹೊಲ (ರೋಣ ತಾಲ್ಲೂಕು):

ಅಣ್ಣಾವರೆ, ನಿಮ್ಮ ಮಾತನ್ನು ಅವ್ವನಿಗೆ ಓದಿ ಹೇಳಿದೆ. ಗೋಳಿಯ ಮಟ್ಟಿಗೆ ಸರಿ ಎಂದಳು. ಆದರೆ ಹಕ್ಕರಕಿಯ ಎಲೆ ಹರಿದರೂ ಹಾಲು ಬರುತ್ತದೆಯಲ್ಲ, ಅದನ್ನು ತಲೆತಲಾಂತರದಿಂದ ಹಸಿಯಾಗಿಯೇ ತಿಂದಿದ್ದೇವಲ್ಲ ಎಂದು ಕೇಳಿದಳು.

ಮಲೆನಾಡ ಸೆರಗು (ಹಾನಗಲ್ಲ ತಾಲ್ಲೂಕು):

ತಾಯಿಯವರು ಹೇಳಿದ್ದು ನಿಜ, ನಾನು ತಿದ್ದಿಕೊಳ್ಳುತ್ತೇನೆ. ನಮ್ಮ ಕಡೆ ಹಕ್ಕರಕಿ ಅಷ್ಟಾಗಿ ಇಲ್ಲ, ಅದು ನಿಮ್ಮ ಎರೆನೆಲದ ಗಿಡ. ಆದ್ದರಿಂದ ಹಾಲಿನ ಪರೀಕ್ಷೆಯನ್ನು ಗೋಳಿಯನ್ನು ಬೇರ್ಪಡಿಸಲು ಮಾತ್ರ ಬಳಸಬೇಕು, ಎಲ್ಲ ಗಿಡಕ್ಕೂ ಅನ್ವಯಿಸಬಾರದು.

ಗೃಹವಿಜ್ಞಾನ ಶಿಕ್ಷಕಿ (ಧಾರವಾಡ, ನಿವೃತ್ತ):

ಹಕ್ಕರಕಿ ಸೇವಂತಿಗೆಯ ಕುಟುಂಬದ್ದು, ಹೋಟೆಲಿನಲ್ಲಿ ಕೊಡುವ ಲೆಟ್ಯೂಸ್‌ನ ಹತ್ತಿರದ ಬಳಗ. ಆ ಬಳಗದ ಗಿಡಗಳಲ್ಲಿ ಹಾಲು ಸಹಜ, ಅದರ ನಸುಗಹಿಯೂ ಆ ಹಾಲಿನದೇ. ಹೂವಿನ ದಂಟು ಏಳುವ ಮೊದಲು, ಎಲೆಗಳು ನೆಲಕ್ಕೆ ಚಕ್ರದಂತೆ ಹರಡಿಕೊಂಡಿರುವಾಗಲೇ ಕಿತ್ತರೆ ಕಹಿ ಕಡಿಮೆ. ಗಣಿಕೆ ಸೊಪ್ಪಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಅದರ ಹಸಿರು ಕಾಯಿಯಲ್ಲಿ ಸೊಲಾನಿನ್ ಎಂಬ ವಿಷದ ಅಂಶ ಇರುತ್ತದೆ. ಎಳೆಯ ಎಲೆಯನ್ನು ಕಾಯಿಯಿಂದ ಬೇರ್ಪಡಿಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಪ್ರತಿ ಗಿಡಕ್ಕೂ ಅದರದೇ ನಿಯಮ. ತಿಳಿದವರ ಜೊತೆ ಒಂದು ಮಳೆಗಾಲ ಹೊಲ ತಿರುಗದೆ ಇದು ಕೈಗೆ ಬರುವುದಿಲ್ಲ.

ಅಂಗನವಾಡಿ ಕಾರ್ಯಕರ್ತೆ (ಹಾವೇರಿ ಜಿಲ್ಲೆ):

ಈ ಚರ್ಚೆ ನನ್ನ ದಿನನಿತ್ಯದ ಕೆಲಸಕ್ಕೆ ಸಂಬಂಧಿಸಿದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಮನೆಮನೆಗೆ ಹೋಗುವ ನನಗೆ ಈ ಅಂಕಿಗಳು ಮುಖಗಳಾಗಿ ಕಾಣುತ್ತವೆ. ಮಾತ್ರೆ ಕೊಡುತ್ತೇವೆ, ಸೊಪ್ಪು ತಿನ್ನಿ ಎನ್ನುತ್ತೇವೆ. ಆದರೆ ಊಟದ ತಟ್ಟೆ ಎತ್ತುವ ಮೊದಲೇ ಚಹಾದ ಕಪ್ಪು ಬಂದಿರುತ್ತದೆ. ಊಟದ ಜೊತೆ ಅಥವಾ ಊಟವಾದ ಕೂಡಲೇ ಕುಡಿದ ಚಹಾ, ಆ ಊಟದ ಕಬ್ಬಿಣ ಮೈಗೆ ಹತ್ತುವುದನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಬಲ್ಲದು. ಮಾತ್ರೆಗೂ ಇದೇ ಅನ್ವಯಿಸುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ ಎಂದು ಎಷ್ಟು ಹೇಳಿದರೂ ಸಾಲದು. ಎರೆಹೊಲದ ಅಣ್ಣಾವರೆ, ನಿಮ್ಮ ಮನೆಯಲ್ಲಿ ಇದನ್ನು ಮೊದಲು ಗಮನಿಸಿ.

ಮಕ್ಕಳ ವಿಷಯದಲ್ಲಿ ನನ್ನ ಅನುಭವ ಬೇರೆ. ಕಹಿ, ಹುಳಿ ಅವರಿಗೆ ಸೇರುವುದಿಲ್ಲ. ಹರಿವೆ, ನುಗ್ಗೆ ಎಲೆಗಳನ್ನು ಸಣ್ಣಗೆ ಹೆಚ್ಚಿ ತಾಲಿಪೆಟ್ಟಿನ ಹಿಟ್ಟಿಗೆ ಕಲಸಿದರೆ ಕೇಳಿ ಹಾಕಿಸಿಕೊಂಡು ತಿನ್ನುತ್ತಾರೆ. ಎಣ್ಣೆ ಹಚ್ಚಿ ಬೇಯಿಸುವುದರಿಂದ ಇನ್ನೊಂದು ಲಾಭವೂ ಇದೆ: ಸೊಪ್ಪಿನಲ್ಲಿರುವ, ದೇಹದಲ್ಲಿ ಎ ಜೀವಸತ್ವವಾಗಿ ಬದಲಾಗುವ ಬೀಟಾ ಕ್ಯಾರೋಟಿನ್, ಕೊಬ್ಬಿನಂಶ ಇದ್ದಾಗಲೇ ಚೆನ್ನಾಗಿ ಹೀರಿಕೆಯಾಗುತ್ತದೆ.

ನವನಗರದ ಓದುಗ (ಹುಬ್ಬಳ್ಳಿ):

ಹೊಲ ಇಲ್ಲದ ನಮ್ಮಂಥವರು ಏನು ಮಾಡಬೇಕು? ಹೋದ ಮಳೆಗಾಲದಲ್ಲಿ ಬಡಾವಣೆಯ ಖಾಲಿ ನಿವೇಶನವೊಂದರಲ್ಲಿ ಹರಿವೆ ಸೊಂಪಾಗಿ ಬೆಳೆದಿತ್ತು. ಒಂದು ವಾರ ಕಿತ್ತು ತಂದು ತಿಂದೆವು. ಆಮೇಲೆ ನೋಡಿದರೆ ಹಿಂದಿನ ಸಾಲಿನ ಮನೆಗಳ ಬಚ್ಚಲ ನೀರು ಅಲ್ಲಿಗೇ ಹರಿಯುತ್ತಿತ್ತು. ಸೊಂಪಿಗೆ ಕಾರಣ ಅದೇ. ಮನೆಯವರೆಲ್ಲ ಗಾಬರಿಯಾದರು. ಇದಕ್ಕಿಂತ ನುಗ್ಗೆ ಪುಡಿಯ ಡಬ್ಬಿ ತರುವುದು ಮೇಲಲ್ಲವೇ? ಹಾಲಿಗಿಂತ ಹದಿನೇಳು ಪಟ್ಟು ಕ್ಯಾಲ್ಸಿಯಂ ಎಂದು ಅದರ ಮೇಲೆ ಬರೆದಿರುತ್ತದೆ.

ಗೃಹವಿಜ್ಞಾನ ಶಿಕ್ಷಕಿ (ಧಾರವಾಡ, ನಿವೃತ್ತ):

ಗಾಬರಿಯಾದುದು ಸಹಜ. ಹರಿವೆ ಜಾತಿಯ ಗಿಡಗಳು ನೆಲದಲ್ಲಿದ್ದುದನ್ನು ಬಹಳ ಬೇಗ ಎಳೆದುಕೊಳ್ಳುತ್ತವೆ. ಸತ್ವವನ್ನು ಎಳೆದುಕೊಂಡಂತೆಯೇ ನೈಟ್ರೇಟ್, ಸೀಸ, ಕ್ಯಾಡ್ಮಿಯಂಗಳನ್ನೂ ಎಳೆದುಕೊಳ್ಳುತ್ತವೆ. ತೊಳೆದರೆ ಹೋಗುವುದು ಎಲೆಯ ಮೇಲಿನ ಕೊಳೆ, ರೋಗಾಣು. ಎಲೆಯ ಒಳಗೆ ಸೇರಿದ ಲೋಹ ಹೋಗುವುದಿಲ್ಲ. ಹುಬ್ಬಳ್ಳಿ–ಧಾರವಾಡದ ಅಂಚಿನಲ್ಲಿ ನಾಲಾ ನೀರಿನಿಂದ ಬೆಳೆ ತೆಗೆಯುವುದು ಹಳೆಯ ಸಂಗತಿ. ಆದ್ದರಿಂದ ಹೆದ್ದಾರಿಯ ಬದಿ, ಗ್ಯಾರೇಜುಗಳ ಹಿಂದಿನ ಜಾಗ, ಚರಂಡಿಯ ದಂಡೆ, ಈ ಮೂರು ಕಡೆ ಎಷ್ಟೇ ಚೆಲುವಾದ ಸೊಪ್ಪಿದ್ದರೂ ಮುಟ್ಟಬೇಡಿ.

ಇನ್ನು ಡಬ್ಬಿಯ ಮೇಲಿನ ಮಾತು. ಹಸಿ ನುಗ್ಗೆ ಎಲೆಯಲ್ಲಿ 100 ಗ್ರಾಂಗೆ ಸುಮಾರು 314 ಮಿಲಿಗ್ರಾಂ ಕ್ಯಾಲ್ಸಿಯಂ, ಆಕಳ ಹಾಲಿನಲ್ಲಿ ಸುಮಾರು 120. ಹೆಚ್ಚು ಕಡಿಮೆ ಎರಡೂವರೆ ಪಟ್ಟು. ನೀರನ್ನೆಲ್ಲ ಒಣಗಿಸಿದ ಪುಡಿಯನ್ನು ನೀರೇ ಹೆಚ್ಚಿರುವ ಹಾಲಿನ ಜೊತೆ ತೂಗಿದರೆ ಹದಿನೇಳು ಪಟ್ಟು ಎಂಬಂತಹ ಲೆಕ್ಕ ಹುಟ್ಟುತ್ತದೆ. ಹಾಲನ್ನು ಲೋಟಗಟ್ಟಲೆ ಕುಡಿಯುತ್ತೇವೆ, ಪುಡಿಯನ್ನು ಒಂದು ಚಮಚ ತಿನ್ನುತ್ತೇವೆ. ನವನಗರದಲ್ಲಿ ನುಗ್ಗೆ ಮರಕ್ಕೇನೂ ಬರವಿಲ್ಲ. ಒಂದು ಟೊಂಗೆ ಕೇಳಿ ತನ್ನಿ, ಅಥವಾ ಮಾಳಿಗೆಯ ಮೇಲೆ ಎರಡು ಕುಂಡದಲ್ಲಿ ಗೋಳಿ, ಹರಿವೆ ಹಾಕಿಕೊಳ್ಳಿ. ಗೋಳಿಯ ದಂಟು ಮುರಿದು ನೆಟ್ಟರೂ ಹತ್ತುತ್ತದೆ.

ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇದ್ದವರು ಗೋಳಿ, ಹರಿವೆ, ಪಾಲಕ್‌ಗಳನ್ನು ನಿತ್ಯ ತಿನ್ನಬಾರದು. ಬೇಯಿಸಿ ನೀರು ಬಸಿದರೆ ಕರಗುವ ಆಕ್ಸಲೇಟ್ ಬಹುಮಟ್ಟಿಗೆ ಹೋಗುತ್ತದೆ, ಆದರೆ ಅದರ ಜೊತೆ ಸಿ ಜೀವಸತ್ವವೂ ಫೋಲೇಟೂ ಹೋಗುತ್ತವೆ. ಗೋಳಿಯನ್ನು ಮೊಸರಿನ ಜೊತೆ ಕಲಸಿದರೆ ಮೊಸರಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಬೇಕು, ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ.

ಗೋವಿನಜೋಳದ ರೈತ (ರಾಣೆಬೆನ್ನೂರು ತಾಲ್ಲೂಕು):

ಪಟ್ಟಿ ಬಿಡುವ ಪ್ರಶ್ನೆಗೆ ಯಾರೂ ಉತ್ತರ ಬರೆದಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ. ಮೊದಲಿಗೆ, ಕಳೆನಾಶಕ ಹೊಡೆಯುವ ರೈತನನ್ನು ಯಾರೂ ತಪ್ಪಿತಸ್ಥನಂತೆ ನೋಡಬಾರದು. ಬಿತ್ತಿದ ಮೊದಲ ಮೂವತ್ತರಿಂದ ನಲವತ್ತೈದು ದಿನ ಗೋವಿನಜೋಳ ಕಸದ ಜೊತೆ ಹೋರಾಡಲಾರದು. ಆ ಹೊತ್ತಿಗೇ ಮಳೆ ಹಿಡಿದರೆ ಎಡೆಕುಂಟೆಯೂ ಓಡುವುದಿಲ್ಲ, ಆಳೂ ಸಿಗುವುದಿಲ್ಲ. ಆದರೆ ನಾವು ಬಿತ್ತಿದ ಕೂಡಲೇ ಹೊಡೆಯುವ ಅಟ್ರಾಜಿನ್ ಅಗಲ ಎಲೆಯ ಕಸವನ್ನೇ ಮುಖ್ಯವಾಗಿ ಕೊಲ್ಲುತ್ತದೆ, ಹರಿವೆ, ಗೋಳಿಗಳು ಆ ಕಸದಲ್ಲೇ ಬರುತ್ತವೆ ಎಂಬುದೂ ನಿಜ. ಹೊಡೆದ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಬದುಕಿ ಉಳಿದ ಗಿಡವನ್ನು ದಯವಿಟ್ಟು ಅಡುಗೆಗೆ ತರಬೇಡಿ.

ಪಟ್ಟಿ ಬಿಡುವುದಾದರೆ ಹೊಲದ ಪಡುವಣ ಅಂಚಿನಲ್ಲಿ ಬಿಡಿ. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುವುದರಿಂದ ನೀವು ಹೊಡೆದ ಔಷಧಿ ಆ ಕಡೆ ತೂರುವುದಿಲ್ಲ. ಪಡುವಣ ಬದುವಿನ ಆಚೆಯವರು ಎಂದು ಹೊಡೆಯುತ್ತಾರೆ ಎಂಬುದನ್ನು ಮಾತ್ರ ಕೇಳಿ ಇಟ್ಟುಕೊಳ್ಳಬೇಕು. ಆ ಪಟ್ಟಿಯಲ್ಲಿ ಗೋವಿನಜೋಳ ಹಾಕದೆ ಹೆಸರು ಹಾಕಿ, ಬದುವಿನ ಗುಂಟ ಒಂದು ಸಾಲು ಪುಂಡಿ ಸೊಪ್ಪು ಬಿತ್ತಿ. ಕಸ ತೆಗೆಯುವ ಕೆಲಸವೇ ಪಲ್ಯ ಕೀಳುವ ಕೆಲಸವಾಗಬೇಕು. ಹೂವು ಕಟ್ಟಿ ಬೀಜ ಉದುರಲು ಬಿಟ್ಟರೆ ಮರುವರ್ಷ ಇಡೀ ಹೊಲ ಕಸವಾಗುತ್ತದೆ.

ಬೆಟಗೇರಿ ಅಡುಗೆಮನೆ (ಗದಗ):

ಪುಂಡಿಯ ಹೆಸರು ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಪುಂಡಿಯ ಹುಳಿ ಅದರಲ್ಲಿರುವ ಆಮ್ಲಗಳದ್ದು. ಜೋಳದ ನುಚ್ಚು, ಕಡಲೆಬೇಳೆ ಹಾಕಿ ಬೇಯಿಸಿ, ಕಡಗೋಲಿನಿಂದ ಮಸೆದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಕಾಳು, ಬೇಳೆ, ಸೊಪ್ಪು ಮೂರೂ ಒಂದೇ ತಟ್ಟೆಗೆ ಬಂದಂತೆ. ಒಗ್ಗರಣೆಯ ನಂತರ ಐದು ನಿಮಿಷ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಆ ಹುಳಿ ಬಾಣಲೆಯಿಂದ ಒಂದಿಷ್ಟು ಕಬ್ಬಿಣವನ್ನು ಬಿಡಿಸಿಕೊಳ್ಳುತ್ತದೆ. ಆದರೆ ಅದರಲ್ಲೇ ರಾತ್ರಿಯಿಡೀ ಇಟ್ಟರೆ ಬಣ್ಣ ಕಪ್ಪಾಗಿ ರುಚಿ ಕೆಡುತ್ತದೆ, ಕೂಡಲೇ ಬೇರೆ ಪಾತ್ರೆಗೆ ತೆಗೆಯಬೇಕು.

ಹಿಂಗಾರಿಯ ಕಡಲೆ ಪಲ್ಯವನ್ನು ಮರೆಯಬೇಡಿ. ಬಿತ್ತಿದ ಮೂವತ್ತು, ನಲವತ್ತು ದಿನಕ್ಕೆ ಕುಡಿ ಚಿವುಟಿದರೆ ಗಿಡ ಕವಲೊಡೆದು ಹೆಚ್ಚು ಕಾಯಿ ಕಟ್ಟುತ್ತದೆ ಎಂದು ನಮ್ಮ ರೈತರೇ ಚಿವುಟಿಸುತ್ತಾರೆ. ಮಂಜು ಬಿದ್ದ ಮುಂಜಾನೆ ಚಿವುಟಿದರೆ ಬೆರಳ ತುದಿ ಉರಿಯುತ್ತದೆ. ಎಲೆಯ ಸಣ್ಣ ರೋಮಗಳು ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಒಸರುತ್ತವೆ. ಹಿಂದಿನವರು ರಾತ್ರಿ ಗಿಡದ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಕಡಲೆ ಹುಳಿ ಕೂಡಿಸುತ್ತಿದ್ದರು. ಕಿತ್ತ ಕುಡಿಯನ್ನು ನೆರಳಿನಲ್ಲಿ ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ, ಸಂತೆಯಲ್ಲಿ ತಪ್ಪಲು ಪಲ್ಯ ಸಿಗದ ಬೇಸಿಗೆಗೆ ಆಗುತ್ತದೆ. ಬಿಸಿಲಿಗೆ ಹಾಕಿದರೆ ಬೀಟಾ ಕ್ಯಾರೋಟಿನ್ ಹೆಚ್ಚು ನಾಶವಾಗುತ್ತದೆ. ಕಾಯಿಕೊರಕಕ್ಕೆ ಔಷಧಿ ಹೊಡೆಯುವ ಮೊದಲೇ ಚಿವುಟಿ ಮುಗಿಸಬೇಕು.

ಎರೆಹೊಲ (ರೋಣ ತಾಲ್ಲೂಕು), ಮೂರು ತಿಂಗಳ ಬಳಿಕ:

ನಡೆದುದನ್ನು ತಿಳಿಸಲು ಬಂದಿದ್ದೇನೆ. ಪಡುವಣ ಬದುವಿನ ಪಕ್ಕ ಎಂಟು ಸಾಲು ಹೆಸರು ಹಾಕಿ, ಔಷಧಿ ಹೊಡೆಯದೆ ಬಿಟ್ಟೆವು. ಎರಡನೆಯ ಮಳೆಯಾದ ಹದಿನೈದು ದಿನಕ್ಕೆ ಗೋಳಿ, ಹರಿವೆ ಎದ್ದವು. ಅವ್ವ ಮತ್ತು ನನ್ನ ಹೆಂಡತಿ ವಾರಕ್ಕೆ ಎರಡು ಸಲ ಹೋಗಿ ಕೀಳುತ್ತಾರೆ. ಮುಂಜಾನೆ ಕಿತ್ತ ಗೋಳಿ ಹೆಚ್ಚು ಹುಳಿ, ಸಂಜೆಯದು ಸಪ್ಪೆ ಎಂದು ಅವ್ವ ಹೇಳಿದಾಗ ಮೊದಲು ನಂಬಿರಲಿಲ್ಲ. ಎರಡನ್ನೂ ತಿಂದು ನೋಡಿದೆ, ನಿಜ. ಹೋದ ವಾರದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.4 ಬಂದಿದೆ. ಊಟವಾದ ಕೂಡಲೇ ಚಹಾ ಕುಡಿಯುವುದನ್ನೂ ಬಿಟ್ಟಿದ್ದಾಳೆ.

ಹಕ್ಕರಕಿ ಮಾತ್ರ ಒಂದೂ ಹುಟ್ಟಲಿಲ್ಲ. ಅವ್ವ ದಿನಾ ಬದುವಿನ ಗುಂಟ ಹುಡುಕುತ್ತಾಳೆ.

ಗೃಹವಿಜ್ಞಾನ ಶಿಕ್ಷಕಿ (ಧಾರವಾಡ, ನಿವೃತ್ತ):

ಬಹಳ ಒಳ್ಳೆಯ ಸುದ್ದಿ. ಈ ಏರಿಕೆಯ ಬಹುಪಾಲು ಮಾತ್ರೆಯದು, ಅದನ್ನು ಡಾಕ್ಟರು ನಿಲ್ಲಿಸಿ ಎನ್ನುವವರೆಗೆ ಮುಂದುವರಿಸಿ. ಮಾತ್ರೆ ನಿಂತ ಮೇಲೆ ಹಿಮೋಗ್ಲೋಬಿನ್ ಅನ್ನು ಕೆಳಗಿಳಿಯದಂತೆ ಹಿಡಿಯುವ ಕೆಲಸ ನಿಮ್ಮ ಎಂಟು ಸಾಲಿನದು. ಗೋಳಿ ನೀರಿನ ಕೊರತೆಯಲ್ಲಿ ರಾತ್ರಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ಅದನ್ನು ಬಳಸಿಕೊಳ್ಳುತ್ತದೆ. ತಾಯಿಯವರ ನಾಲಿಗೆ ಗುರುತಿಸಿದ್ದು ಅದನ್ನೇ.

ಬೆಟಗೇರಿ ಅಡುಗೆಮನೆ (ಗದಗ):

ಅಣ್ಣಾವರೆ, ನನ್ನ ಹಿತ್ತಲಿನಲ್ಲಿ ಎರಡು ಹಕ್ಕರಕಿ ಗಿಡಗಳನ್ನು ಬೀಜಕ್ಕೆ ಬಿಟ್ಟಿದ್ದೇನೆ. ಅದರ ಬೀಜಕ್ಕೆ ಹತ್ತಿಯಂತಹ ತುಪ್ಪುಳ ಇರುತ್ತದೆ, ಗಾಳಿ ಬಂದರೆ ಹಾರಿಹೋಗುತ್ತದೆ. ಆದ್ದರಿಂದ ತೆಳು ಬಟ್ಟೆಯ ಚೀಲ ಕಟ್ಟಿ ಇಟ್ಟಿದ್ದೇನೆ. ಇನ್ನು ಹತ್ತು ದಿನಕ್ಕೆ ಒಣಗುತ್ತದೆ. ಗದಗಿಗೆ ಬಂದಾಗ ಒಯ್ಯಿರಿ. ಆಳಕ್ಕೆ ಹಾಕಬೇಡಿ, ಹಸಿ ನೆಲದ ಮೇಲೆ ಉದುರಿಸಿ ಕೈಯಿಂದ ಮೆಲ್ಲಗೆ ಒತ್ತಿದರೆ ಸಾಕೆಂದು ತಾಯಿಗೆ ಹೇಳಿ.